ಮೊದಲು ಬೆಂಚು, ಆಮೇಲೆ ಮೊಣಕೈ: ಒಬ್ಬ ಎಡಗೈ ಪಿಚರ್‌ನ ಹನ್ನೆರಡು ವರ್ಷ

ಈ ಪ್ರಕರಣದ ಕಾಲ 1955ರಿಂದ 1966, ಸ್ಥಳ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್. ಆಟಗಾರನ ಹೆಸರು, ತಂಡದ ಹೆಸರು, ಕೋಚು–ವೈದ್ಯರ ಹೆಸರು ಯಾವುದನ್ನೂ ಇಲ್ಲಿ ಕೊಟ್ಟಿಲ್ಲ. ಅಂಕಿಗಳು ಮಾತ್ರ ದಾಖಲೆಯಲ್ಲಿ ಇದ್ದ ಹಾಗೇ ಇವೆ. ಆಟ ಬಲ್ಲವರು ಆಸಾಮಿ ಯಾರೆಂದು ಪತ್ತೆ ಹಚ್ಚಿಯಾರು, ಹಚ್ಚಲಿ. ನಮಗೆ ಬೇಕಾದ್ದು ಆ ಎಡಗೈಗೆ ಯಾವ ವರ್ಷ ಎಷ್ಟು ಕೆಲಸ ಬಿತ್ತು, ಅದನ್ನು ತೀರ್ಮಾನಿಸಿದವರು ಯಾರು ಎಂಬ ಲೆಕ್ಕ.

ಇವನ ಬಗ್ಗೆ ಎಲ್ಲರೂ ಹೇಳುವ ಕಥೆ ಹೀಗಿದೆ: ಆರು ವರ್ಷ ದಿಕ್ಕಿಲ್ಲದ ವೇಗ, ಒಂದು ದಿನ ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಪಿಚರ್‌ನ ಎಸೆತ ಹಿಡಿಯುವವನು) ಹೇಳಿದ ಒಂದು ಮಾತು, ಆಮೇಲೆ ಆರು ವರ್ಷ ಯಾರ ಬ್ಯಾಟಿಗೂ ಸಿಗದ ಆಟ. ಕಥೆ ಸುಳ್ಳಲ್ಲ, ಅರ್ಧ ಅಷ್ಟೇ. ಮೊದಲ ಎರಡು ವರ್ಷ ಸೇರಿ ಅವನು ಎಸೆದದ್ದು ನೂರು ಇನ್ನಿಂಗ್ಸ್, ಕೊನೆಯ ಎರಡು ವರ್ಷ ಸೇರಿ 658. ಕಲಿಯುವ ವಯಸ್ಸಿನಲ್ಲಿ ಕೆಲಸ ಕೊಡಲಿಲ್ಲ, ಕೈ ಸವೆದ ಮೇಲೆ ಹೊರಲಾರದಷ್ಟು ಹೇರಿದರು. ನಡುವೆ ಇದ್ದ ಎರಡು ಮೂರು ವರ್ಷ ಮಾತ್ರ ಪ್ರಮಾಣ ಸರಿಯಾಗಿತ್ತು.

ಕ್ರಿಕೆಟ್ ಮಾತ್ರ ನೋಡಿದವರಿಗೆ ಒಂದಿಷ್ಟು ವಿವರ ಬೇಕು. ಪಿಚರ್ ಚೆಂಡನ್ನು 60 ಅಡಿ 6 ಅಂಗುಲ ದೂರದಿಂದ, ಮೌಂಡ್ ಎನ್ನುವ ಮಣ್ಣಿನ ದಿಬ್ಬದ ಮೇಲೆ ನಿಂತು ಎಸೆಯುತ್ತಾನೆ. ಓಡಿ ಬರುವಂತಿಲ್ಲ, ಆದರೆ ಮೊಣಕೈ ಮಡಚಿ ಎಸೆಯಬಹುದು. ಆ ಕಾಲದಲ್ಲಿ ದಿಬ್ಬದ ಎತ್ತರ 15 ಅಂಗುಲ. ಚೆಂಡಿನ ತೂಕ ಸುಮಾರು 145 ಗ್ರಾಂ, ಕ್ರಿಕೆಟ್ ಚೆಂಡಿಗಿಂತ ತುಸು ಹಗುರ. ಗುರಿ, 17 ಅಂಗುಲ ಅಗಲದ ಒಂದು ಪ್ಲೇಟಿನ ಮೇಲೆ ಕಣ್ಣಿಗೆ ಕಾಣದ ಒಂದು ಚೌಕ, ಅದೇ ಸ್ಟ್ರೈಕ್ ವಲಯ. ಆ ಚೌಕದ ಹೊರಗೆ ನಾಲ್ಕು ಎಸೆತ ಬಿದ್ದರೆ ಬ್ಯಾಟರ್ ಪುಕ್ಕಟೆಯಾಗಿ ಮೊದಲ ಬೇಸ್‌ಗೆ (ರನ್‌ಗೆ ಓಡುವಾಗ ಮುಟ್ಟಬೇಕಾದ ಮೊದಲ ನಿಲ್ದಾಣಕ್ಕೆ) ನಡೆಯುತ್ತಾನೆ, ಅದೇ ವಾಕ್. ಮೂರು ಸ್ಟ್ರೈಕ್ ಆಗಿ ಔಟಾದರೆ ಸ್ಟ್ರೈಕ್‌ಔಟ್, ಚೆಂಡು ಹೊಡೆದು ಬೇಸ್ ತಲುಪಿದರೆ ಹಿಟ್. ಒಂದು ಪಂದ್ಯಕ್ಕೆ ಒಂಬತ್ತು ಇನ್ನಿಂಗ್ಸ್, ಇನ್ನಿಂಗ್ಸ್‌ಗೆ ಮೂರು ಔಟ್, ಹಾಗಾಗಿ ⅔ ಇನ್ನಿಂಗ್ಸ್ ಎಂದರೆ ಎರಡು ಔಟ್. ಒಂಬತ್ತು ಇನ್ನಿಂಗ್ಸ್‌ಗೆ ಎಷ್ಟು ವಾಕ್ ಕೊಟ್ಟ ಎಂಬ ಒಂದೇ ಅಂಕಿ ಹಿಡಿದು ಹೊರಟರೂ ಈ ಪ್ರಕರಣವನ್ನು ಕೊನೆವರೆಗೆ ಓದಬಹುದು.

ಹಿನ್ನೆಲೆ

ನ್ಯೂಯಾರ್ಕ್‌ನ ಹುಡುಗ. ಅವನ ಮೊದಲ ಆಟ ಬಾಸ್ಕೆಟ್‌ಬಾಲ್. ಕಾಲೇಜಿನಲ್ಲಿ 1954ರ ಒಂದೇ ಒಂದು ಬೇಸ್‌ಬಾಲ್ ಋತುವಿನಲ್ಲಿ 32 ಇನ್ನಿಂಗ್ಸ್ ಎಸೆದು 51 ಸ್ಟ್ರೈಕ್‌ಔಟ್ ಮಾಡಿದ, 30 ವಾಕ್ ಕೊಟ್ಟ. ಎರಡೂ ಅಸಾಮಾನ್ಯ ಅಂಕಿಗಳೇ. ವೇಗಕ್ಕೆ ಮರುಳಾದ ತಂಡಗಳಿಗೆ ಮೊದಲನೆಯದು ಕಂಡಿತು. 1954ರ ಡಿಸೆಂಬರ್‌ನಲ್ಲಿ, ಹತ್ತೊಂಬತ್ತು ತುಂಬುವ ಮುಂಚೆಯೇ, ಊರಿನ ತಂಡದ ಜತೆ ಒಪ್ಪಂದವಾಯಿತು: 6,000 ಡಾಲರ್ ಸಂಬಳ, 14,000 ಡಾಲರ್ ಬೋನಸ್.

ಎಡವಟ್ಟಾದದ್ದು ಆ ಬೋನಸ್‌ನಿಂದ. ಸಿರಿವಂತ ತಂಡಗಳು ದುಡ್ಡು ಚೆಲ್ಲಿ ಎಳೆಯ ಆಟಗಾರರನ್ನೆಲ್ಲ ಬಾಚಿಕೊಂಡು ಕೆಳಹಂತದ ಮೈನರ್ ಲೀಗಿನಲ್ಲಿ ಕೂಡಿಹಾಕುತ್ತವೆ ಎಂಬ ದೂರು ಹಳೆಯದು. ಅದಕ್ಕೆ ಲಗಾಮು ಹಾಕಲು ಆಗ ಒಂದು ನಿಯಮವಿತ್ತು: 4,000 ಡಾಲರ್ ಮೀರಿ ಬೋನಸ್ ಕೊಟ್ಟರೆ ಆ ಹುಡುಗನನ್ನು ಎರಡು ವರ್ಷ ಮೇಜರ್ ಲೀಗ್ ತಂಡದಲ್ಲೇ ಇಟ್ಟುಕೊಳ್ಳಬೇಕು, ಕೆಳಗೆ ಕಳಿಸುವಂತಿಲ್ಲ. ಇದರ ಪರಿಣಾಮ ಹುಡುಗರ ಮೇಲಾಯಿತು. ಮೈನರ್ ಲೀಗ್ ಇರುವುದೇ ತಪ್ಪು ಮಾಡಿ ಕಲಿಯಲಿಕ್ಕೆ. ಅಲ್ಲಿ ನಾಲ್ಕು ದಿನಕ್ಕೊಮ್ಮೆ ಎಸೆದು, ಹೊಡೆಸಿಕೊಂಡು, ಮತ್ತೆ ನಾಲ್ಕು ದಿನಕ್ಕೆ ಮೌಂಡ್ ಹತ್ತುತ್ತಾರೆ. ಚಾಂಪಿಯನ್‌ಶಿಪ್‌ಗೆ ಹೊಡೆದಾಡುವ ಮೇಲಿನ ತಂಡದಲ್ಲಿ ಹಸಿ ಹುಡುಗನ ಕೈಗೆ ಚೆಂಡು ಕೊಡುವ ಧೈರ್ಯ ಯಾವ ಮ್ಯಾನೇಜರ್‌ಗೂ ಇರುವುದಿಲ್ಲ.

ಸಮಸ್ಯೆ

1955ರಲ್ಲಿ ಅವನು ಎಸೆದದ್ದು 12 ಪಂದ್ಯಗಳಲ್ಲಿ 41⅔ ಇನ್ನಿಂಗ್ಸ್. ಆಗಸ್ಟ್ 27ರಂದು ಎರಡೇ ಹಿಟ್ ಕೊಟ್ಟು, 14 ಸ್ಟ್ರೈಕ್‌ಔಟ್ ಮಾಡಿ, ಎದುರಾಳಿಗೆ ಒಂದೂ ರನ್ ಬಿಡದೆ ಗೆದ್ದ. ಬೇರೆಯವರಾಗಿದ್ದರೆ ಅಲ್ಲಿಂದ ಪಂದ್ಯ ಶುರು ಮಾಡುವ ಪಿಚರ್‌ಗಳ ಸರದಿಯಲ್ಲಿ ಜಾಗ ಕಾಯಂ ಆಗುತ್ತಿತ್ತು. ಇವನಿಗೆ ಆಗಲಿಲ್ಲ. 1956ರಲ್ಲಿ 58⅔ ಇನ್ನಿಂಗ್ಸ್. 1957ರಲ್ಲಿ ನಿಯಮದ ಅವಧಿ ಮುಗಿದ ಮೇಲೂ ಚಿತ್ರ ಹೆಚ್ಚು ಬದಲಾಗಲಿಲ್ಲ. ಒಂದಿಷ್ಟು ದಿನ ಸರದಿಯಲ್ಲಿ ಎಸೆದು ಚೆನ್ನಾಗಿಯೇ ಆಡಿದ, ಆದರೂ ಮುಂದಿನ ಸ್ಟಾರ್ಟ್‌ಗೆ, ಅಂದರೆ ಪಂದ್ಯವನ್ನು ತಾನೇ ಶುರು ಮಾಡುವ ಅವಕಾಶಕ್ಕೆ, 45 ದಿನ ಕಾಯಬೇಕಾಯಿತು.

ಇದು ಹೇಗೆ ಕೆಡಿಸುತ್ತದೆ ಎನ್ನುವುದನ್ನು ಬಿಡಿಸಿ ಹೇಳಬೇಕು. ನಿಯಂತ್ರಣ ಎನ್ನುವುದು ಒಂದೇ ಚಲನೆಯನ್ನು ಒಂದೇ ಜಾಗದಿಂದ ಒಂದೇ ಲಯದಲ್ಲಿ ಸಾವಿರ ಸಲ ಮಾಡಿ ಬರುವಂಥದ್ದು. ಬಿಡುವಿನಲ್ಲಿ ಬುಲ್‌ಪೆನ್‌ನಲ್ಲಿ (ಬದಲಿ ಪಿಚರ್‌ಗಳು ಎಸೆದು ಸಜ್ಜಾಗುವ ಜಾಗದಲ್ಲಿ) ಎಸೆದರೆ ತೋಳು ಬಿಸಿಯಾಗುತ್ತದೆ, ಆದರೆ ಎದುರಿಗೆ ಬ್ಯಾಟರ್ ಇಲ್ಲ, ಲೆಕ್ಕ ಇಲ್ಲ, ಬೇಸ್ ಮೇಲೆ ಓಡುವವರಿಲ್ಲ. ಮೂರು ವಾರಕ್ಕೊಮ್ಮೆ ಅವಕಾಶ ಸಿಕ್ಕವನು ಆ ಒಂದು ದಿನದಲ್ಲಿ ಎಲ್ಲವನ್ನೂ ತೋರಿಸಲು ಹೊರಡುತ್ತಾನೆ. ಬಲ ಹಾಕಿದಷ್ಟೂ ಹಿಡಿತ ಬಿಗಿಯಾಗುತ್ತದೆ. ಮಣಿಕಟ್ಟು ಗಟ್ಟಿಯಾಗಿ ಚೆಂಡು ಬಿಡುವ ಕ್ಷಣ ತಡವೋ ಬೇಗವೋ ಆಗುತ್ತದೆ. ಬೇಗ ಬಿಟ್ಟರೆ ಚೆಂಡು ಎತ್ತರಕ್ಕೆ, ತಡವಾದರೆ ನೆಲಕ್ಕೆ. ಇಬ್ಬರಿಗೆ ವಾಕ್ ಕೊಡುವಷ್ಟರಲ್ಲಿ ಬುಲ್‌ಪೆನ್‌ನಲ್ಲಿ ಇನ್ನೊಬ್ಬ ತೋಳು ಬಿಸಿ ಮಾಡಿಕೊಳ್ಳಲು ಏಳುತ್ತಾನೆ. ಅದನ್ನು ಕಂಡ ಹುಡುಗ ಇನ್ನೂ ಬಲ ಹಾಕುತ್ತಾನೆ, ಮೂರನೆಯವನಿಗೂ ವಾಕ್. ಮ್ಯಾನೇಜರ್ ಬಂದು ಚೆಂಡು ಇಸಿದುಕೊಳ್ಳುತ್ತಾನೆ. ಮತ್ತೆ ಮೂರು ವಾರ ಬೆಂಚು.

1958ರಲ್ಲಿ ತಂಡವೇ ಪಶ್ಚಿಮ ತೀರಕ್ಕೆ ವಲಸೆ ಹೋಯಿತು. ಕೆಲಸ ಜಾಸ್ತಿಯಾಯಿತು, ಜತೆಗೆ ದೋಷವೂ ಬಯಲಾಯಿತು: 158⅔ ಇನ್ನಿಂಗ್ಸ್‌ಗೆ 105 ವಾಕ್. ಕ್ಯಾಚರ್ ಕೈಗೂ ಸಿಗದೆ ಹೋದ ಎಸೆತಗಳು 17, ಆ ವರ್ಷ ಲೀಗಿನಲ್ಲೇ ಹೆಚ್ಚು. 1959ರ ಆಗಸ್ಟ್ 31ರಂದು ಒಂದೇ ಪಂದ್ಯದಲ್ಲಿ 18 ಸ್ಟ್ರೈಕ್‌ಔಟ್. 1960ರಲ್ಲಿ 8 ಗೆಲುವು, 13 ಸೋಲು. ಆ ವರ್ಷ ತನ್ನನ್ನು ಬೇರೆ ತಂಡಕ್ಕಾದರೂ ಕಳಿಸಿ ಎಂದು ಆಡಳಿತವನ್ನು ಕೇಳಿಕೊಂಡ, ಕಳಿಸಲಿಲ್ಲ. ಋತು ಮುಗಿದ ದಿನ ಗ್ಲವ್ಸು, ಬೂಟು ಎಲ್ಲ ಕಸದ ಡಬ್ಬಿಗೆ ಎಸೆದು ಹೋದ. ಕ್ಲಬ್‌ಹೌಸ್ ನೋಡಿಕೊಳ್ಳುವವರು ಅವನ್ನು ಎತ್ತಿ ತೆಗೆದಿಟ್ಟರು.

ಆರು ವರ್ಷದ ಮೊತ್ತ 36 ಗೆಲುವು, 40 ಸೋಲು. ಒಂಬತ್ತು ಇನ್ನಿಂಗ್ಸ್‌ಗೆ ಐದಕ್ಕಿಂತ ಹೆಚ್ಚು ವಾಕ್.

ಏನು ಮಾಡಿ ನೋಡಿದರು

1961ರ ವಸಂತ ಶಿಬಿರದಲ್ಲಿ ಎರಡು ಮೂರು ತಿದ್ದುಪಡಿ ಒಟ್ಟಿಗೆ ನಡೆದವು. ಕ್ಯಾಚರ್‌ನ ಮಾತಿಗೇ ಎಲ್ಲ ಶ್ರೇಯ ಕೊಡುವವರು ಉಳಿದದ್ದನ್ನು ಮರೆಯುತ್ತಾರೆ.

ಒಂದು, ಕಣ್ಣು. ಎಸೆಯುವ ಮುನ್ನ ಅವನು ಎಷ್ಟು ಹಿಂದಕ್ಕೆ ಬಾಗುತ್ತಿದ್ದನೆಂದರೆ, ಕೈ ಮೇಲೆ ಬರುವ ಹೊತ್ತಿಗೆ ಗುರಿಯೇ ಮರೆಯಾಗುತ್ತಿತ್ತು. ತಂಡಕ್ಕೆ ಆಟಗಾರರನ್ನು ಹುಡುಕುವ ಸ್ಕೌಟ್ ಒಬ್ಬ ಇದನ್ನು ಗುರುತಿಸಿದ. ಪರಿಹಾರ ಸರಳ: ಹಿಂದಕ್ಕೆ ಬಾಗುವುದನ್ನು ಕಡಿಮೆ ಮಾಡಿ, ಕ್ಯಾಚರ್‌ನ ಗ್ಲವ್ ಕೊನೆವರೆಗೂ ಕಣ್ಣಿಗೆ ಬೀಳುವ ಹಾಗೆ ತಲೆ ಇಡುವುದು. ಆರು ವರ್ಷ ಮೇಜರ್ ಲೀಗಿನಲ್ಲಿ ಇದ್ದವನಿಗೆ ಇದನ್ನು ಯಾರೂ ಹೇಳಿರಲಿಲ್ಲವೇ ಎಂದು ಆಶ್ಚರ್ಯವಾಗಬಹುದು. ಆದರೆ ಆಗ ವಿಡಿಯೊ ಇಲ್ಲ, ಮೂರು ವಾರಕ್ಕೊಮ್ಮೆ ಎಸೆಯುವವನನ್ನು ಕೂತು ಗಮನಿಸುವ ವ್ಯವಧಾನವೂ ಯಾರಿಗೂ ಇರಲಿಲ್ಲ.

ಎರಡು, ಗುಟ್ಟು ಬಿಟ್ಟುಕೊಡುವ ಚಾಳಿ. ಬೇಸ್‌ನಲ್ಲಿ ಓಟಗಾರ ಇದ್ದಾಗ ಕೈ ಹಿಡಿಯುವ ಎತ್ತರ ನೋಡಿಯೇ ಬರುವುದು ಫಾಸ್ಟ್‌ಬಾಲೋ ಕರ್ವೋ (ತಿರುಗಿ ಕೆಳಗೆ ಬೀಳುವ ಎಸೆತವೋ) ಎಂದು ಎದುರಾಳಿಗಳು ಊಹಿಸುತ್ತಿದ್ದರು. ಇದನ್ನು ತಕ್ಕಮಟ್ಟಿಗೆ ತಿದ್ದಿದರು, ಪೂರ್ತಿ ಹೋಗಲಿಲ್ಲ.

ಮೂರನೆಯದು ಫ್ಲಾರಿಡಾದ ಒರ್ಲ್ಯಾಂಡೊದಲ್ಲಿ ನಡೆದ ಒಂದು ಅಭ್ಯಾಸ ಪಂದ್ಯ. ಲೆಕ್ಕಕ್ಕಿಲ್ಲದ ಆಟ, ಎರಡನೇ ದರ್ಜೆಯ ತಂಡ. ಜತೆಗೆ ಬರಬೇಕಿದ್ದ ಇನ್ನೊಬ್ಬ ಪಿಚರ್‌ಗೆ ವಿಮಾನ ತಪ್ಪಿತು. ಹಾಗಾಗಿ ಇವನು ಏಳು ಇನ್ನಿಂಗ್ಸ್ ಎಸೆಯಲೇಬೇಕು, ಬದಲಿಗೆ ಯಾರೂ ಇಲ್ಲ. ಶುರುವಿನಲ್ಲೇ ಮೂವರಿಗೆ ವಾಕ್, ಬೇಸ್‌ಗಳೆಲ್ಲ ಭರ್ತಿ. ಕ್ಯಾಚರ್ ಮೌಂಡಿಗೆ ನಡೆದು ಬಂದು ಹೇಳಿದ್ದರ ತಾತ್ಪರ್ಯ ಇಷ್ಟು: ಇಷ್ಟು ಬಲ ಹಾಕಿದರೆ ಇಡೀ ದಿನ ಇಲ್ಲೇ ಇರುತ್ತೇವೆ, ಸ್ವಲ್ಪ ಸಡಿಲಿಸು, ಕರ್ವ್ ಮತ್ತು ಚೇಂಜ್‌ಅಪ್ (ವೇಗ ತಗ್ಗಿಸಿದ ಎಸೆತ) ಜಾಸ್ತಿ ಎಸೆ, ಹೊಡೆದರೆ ಹೊಡೆಯಲಿ. ಆ ದಿನ ಅವನ ಏಳು ಇನ್ನಿಂಗ್ಸ್‌ನಲ್ಲಿ ಎದುರಾಳಿಗೆ ಒಂದೂ ಹಿಟ್ ಸಿಗಲಿಲ್ಲ.

ಸಡಿಲಿಸು ಎಂದು ಮುಂಚೆಯೂ ಹತ್ತಾರು ಜನ ಹೇಳಿದ್ದಿರಬೇಕು, ಯಾವ ವೇಗದ ಪಿಚರ್‌ಗೆ ಹೇಳಿಲ್ಲ! ಈ ಸಲ ಮಾತು ನಾಟಿದ್ದಕ್ಕೆ ಕಾರಣ ತಪ್ಪಿಹೋದ ಆ ವಿಮಾನ. ಬುಲ್‌ಪೆನ್ ಖಾಲಿ. ಇವನನ್ನು ತೆಗೆಯುವ ಪ್ರಶ್ನೆಯೇ ಇಲ್ಲ. ಮೂರು ವಾಕ್ ಕೊಟ್ಟ ಮೇಲೂ ಚೆಂಡು ಅವನ ಕೈಯಲ್ಲೇ ಉಳಿದ ಅಪರೂಪದ ದಿನ ಅದು. ಹೆಚ್ಚು ಬಲ ಹಾಕದಿದ್ದರೆ ವೇಗ ಹೋಗುತ್ತದೆ ಎಂಬ ಅವನ ಹೆದರಿಕೆ ಸುಳ್ಳು ಎಂದು ಕೈಯೇ ಕಂಡುಕೊಳ್ಳಲು ಏಳು ಇನ್ನಿಂಗ್ಸ್ ಸಿಕ್ಕವು. ಬಿಗಿ ಬಿಟ್ಟ ತೋಳಿನಿಂದ ಬಂದ ಫಾಸ್ಟ್‌ಬಾಲ್ ಹೆಚ್ಚುಕಡಿಮೆ ಅಷ್ಟೇ ವೇಗವಾಗಿತ್ತು, ಮೇಲಾಗಿ ನೇರವಾಗಿತ್ತು.

ಏನಾಯಿತು

1961ರಲ್ಲಿ 255⅔ ಇನ್ನಿಂಗ್ಸ್, 18 ಗೆಲುವು, 269 ಸ್ಟ್ರೈಕ್‌ಔಟ್. ಮೇಜರ್ ಲೀಗಿನ ಎರಡು ಭಾಗಗಳಲ್ಲಿ ಒಂದಾದ ನ್ಯಾಷನಲ್ ಲೀಗ್‌ನಲ್ಲಿ 1903ರಿಂದ ನಿಂತಿದ್ದ 267ರ ದಾಖಲೆ ಮುರಿಯಿತು. ಒಂಬತ್ತು ಇನ್ನಿಂಗ್ಸ್‌ಗೆ ವಾಕ್ 5.1ರಿಂದ 3.4ಕ್ಕೆ ಇಳಿಯಿತು, 1962ರಲ್ಲಿ 2.8ಕ್ಕೆ, 1963ರಲ್ಲಿ 1.7ಕ್ಕೆ. ಮೂರು ವರ್ಷ ಸತತ ಇಳಿದದ್ದನ್ನು ಗಮನಿಸಿ. ಒಂದು ಮಧ್ಯಾಹ್ನದ ಪವಾಡವಾಗಿದ್ದರೆ ಒಂದೇ ಏಟಿಗೆ ಇಳಿದು ಅಲ್ಲೇ ನಿಲ್ಲುತ್ತಿತ್ತು. ಇದು ನಿಯಮಿತ ಕೆಲಸ ಸಿಕ್ಕವನು ಮೆಟ್ಟಿಲು ಮೆಟ್ಟಿಲಾಗಿ ಕಲಿತದ್ದರ ಗುರುತು.

ಮೈದಾನದ ಪಾಲನ್ನೂ ಹೇಳದಿದ್ದರೆ ಲೆಕ್ಕ ಸುಳ್ಳಾಗುತ್ತದೆ. 1958ರಿಂದ 61ರವರೆಗೆ ತವರಿನ ಆಟ ನಡೆದದ್ದು ಬೇಸ್‌ಬಾಲ್‌ಗೆಂದು ಕಟ್ಟದ ಕ್ರೀಡಾಂಗಣದಲ್ಲಿ. ಅಲ್ಲಿ ಎಡಬದಿಯ ಬೇಲಿ ಬರೀ 251 ಅಡಿ ದೂರ. 1962ರಲ್ಲಿ ಪಿಚರ್‌ಗಳಿಗೆ ಅನುಕೂಲವಾದ ವಿಶಾಲ ಮೈದಾನ ಬಂತು. 1963ರಲ್ಲಿ ಸ್ಟ್ರೈಕ್ ವಲಯವನ್ನು ಭುಜದ ಮೇಲ್ತುದಿಯಿಂದ ಮೊಣಕಾಲಿನ ಕೆಳತುದಿವರೆಗೆ ಹಿಗ್ಗಿಸಿದರು. ಹೊಸ ಮೈದಾನದಲ್ಲಿ ಐದು ವರ್ಷ ಅವನ ದಾಖಲೆ 57 ಗೆಲುವು, 15 ಸೋಲು, ಒಂಬತ್ತು ಇನ್ನಿಂಗ್ಸ್‌ಗೆ ಬಿಟ್ಟ ರನ್ 1.37. ಹೊರಗಡೆಯೂ ಉತ್ತಮ ಪಿಚರ್ರೇ, ಆದರೆ ಈ ಮಟ್ಟದವನಲ್ಲ.

ದೇಹದ ಮೊದಲ ಎಚ್ಚರಿಕೆ 1962ರಲ್ಲೇ ಬಂತು. ಏಪ್ರಿಲ್‌ನಲ್ಲಿ ತಾನೇ ಬ್ಯಾಟಿಂಗ್ ಮಾಡುವಾಗ ಬಂದ ಎಸೆತ ಬ್ಯಾಟಿನ ಹಿಡಿಗೆ ಬಡಿದು ಎಡ ಅಂಗೈ ಜಜ್ಜಿತು. ಕೆಲ ದಿನಗಳಲ್ಲಿ ತೋರುಬೆರಳು ಮರಗಟ್ಟಿತು, ಬಿಳಚಿಕೊಂಡಿತು, ಮುಟ್ಟಿದರೆ ತಣ್ಣಗೆ. ಎಸೆತ ಚೆನ್ನಾಗಿಯೇ ಬೀಳುತ್ತಿದ್ದುದರಿಂದ ಅದನ್ನು ದೊಡ್ಡದು ಮಾಡಲಿಲ್ಲ. ಜೂನ್ 30ರಂದು ಅದೇ ಬೆರಳಿನಿಂದ ಒಂದೂ ಹಿಟ್ ಕೊಡದ ಪಂದ್ಯ ಎಸೆದ. ಜುಲೈ ಮಧ್ಯದಲ್ಲಿ ಒಂದೇ ಇನ್ನಿಂಗ್ಸ್ ಎಸೆದು ಇಳಿಯಬೇಕಾಯಿತು. ಅಂಗೈಯ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಇನ್ನಷ್ಟು ತಡವಾಗಿದ್ದರೆ ಬೆರಳನ್ನೇ ಕತ್ತರಿಸಬೇಕಾಗುತ್ತಿತ್ತು. ಹೆಪ್ಪು ಕರಗಿಸುವ ಔಷಧಿಯಿಂದ ಬೆರಳು ಉಳಿಯಿತು, ಋತುವಿನ ಎರಡು ತಿಂಗಳು ಹೋಯಿತು. ಲಕ್ಷಣ ಕಂಡದ್ದು ವಸಂತದಲ್ಲಿ, ನಿರ್ಧಾರ ತೆಗೆದುಕೊಂಡದ್ದು ನಡುಬೇಸಿಗೆಯಲ್ಲಿ. ಫಲಿತಾಂಶ ಚೆನ್ನಾಗಿದ್ದಾಗ ನೋವಿನ ಮಾತು ಯಾರ ಕಿವಿಗೂ ಬೀಳುವುದಿಲ್ಲ, ಆಡುವವನ ಕಿವಿಗೂ.

1963ರಲ್ಲಿ 311 ಇನ್ನಿಂಗ್ಸ್, 25 ಗೆಲುವು, 5 ಸೋಲು, 306 ಸ್ಟ್ರೈಕ್‌ಔಟ್. 1964ರ ಆಗಸ್ಟ್ ಹೊತ್ತಿಗೆ 19 ಗೆಲುವು, 5 ಸೋಲು. ಆ ತಿಂಗಳ 8ರಂದು ಬೇಸ್ ಓಡುವಾಗ ಎರಡನೇ ಬೇಸ್‌ಗೆ ಹಿಂದಕ್ಕೆ ಹಾರಿ ಎಡ ಮೊಣಕೈ ಮೇಲೆ ಬಿದ್ದ. ಆಮೇಲೂ ಎರಡು ಪಂದ್ಯ ಗೆದ್ದ. ಎರಡನೆಯದರ ಮರುದಿನ ಬೆಳಿಗ್ಗೆ ಕೈ ನೇರವಾಗಲಿಲ್ಲ. ತಂಡದ ವೈದ್ಯರ ಪ್ರಕಾರ ಅದು ಪೆಟ್ಟಿನಿಂದ ಬಂದ ಸಂಧಿವಾತ. ಬಿದ್ದದ್ದು ಬರೀ ನೆಪ, ಕೀಲು ಸವೆದದ್ದು ಹತ್ತು ವರ್ಷದ ಎಸೆತದಿಂದ. ಭುಜದ ಮೇಲಿಂದ ಎಸೆಯುವಾಗ ಮೊಣಕೈ ಹೊರಬದಿ ಒತ್ತಿಕೊಳ್ಳುತ್ತದೆ, ಒಳಬದಿ ಹಿಗ್ಗುತ್ತದೆ, ಕೈ ಥಟ್ಟನೆ ನೇರವಾದಾಗ ಹಿಂಬದಿಯ ಮೂಳೆ ಮೂಳೆಗೆ ಬಡಿಯುತ್ತದೆ. ನಡುವಿನ ಮೃದ್ವಸ್ಥಿ ಒಮ್ಮೆ ಸವೆದರೆ ಮತ್ತೆ ಬೆಳೆಯುವುದಿಲ್ಲ. ಬಾವು ಇಳಿಸಬಹುದು, ನೋವು ಮುಚ್ಚಬಹುದು, ಸವೆತ ಹಿಂದಕ್ಕೆ ಹೋಗದು.

ತಿರುವು: ವಾರಕ್ಕೊಂದೋ, ನಾಲ್ಕು ದಿನಕ್ಕೊಂದೋ

1965ರ ವಸಂತದಲ್ಲಿ ಒಂದು ಪೂರ್ತಿ ಅಭ್ಯಾಸ ಪಂದ್ಯ ಎಸೆದ ಮರುದಿನ ಎದ್ದಾಗ ಒಳಗೆ ರಕ್ತಸ್ರಾವವಾಗಿ ಎಡಗೈ ಪೂರ್ತಿ ಕಪ್ಪು ನೀಲಿ. ವಾರಕ್ಕೊಮ್ಮೆ ಎಸೆಯಲಾದರೆ ಅದೇ ಪುಣ್ಯ ಎಂದು ವೈದ್ಯರು ಹೇಳಿದರು. ಪಂದ್ಯಗಳ ನಡುವೆ ಚೆಂಡೇ ಮುಟ್ಟುವುದಿಲ್ಲ ಎಂದು ಇವನೂ ಒಪ್ಪಿದ. ಆ ಒಪ್ಪಂದ ಒಂದು ಸ್ಟಾರ್ಟ್‌ಗಿಂತ ಹೆಚ್ಚು ಬಾಳಲಿಲ್ಲ. ವರ್ಷ ಮುಗಿಯುವಷ್ಟರಲ್ಲಿ 41 ಸ್ಟಾರ್ಟ್, ಅದರಲ್ಲಿ 27 ಪೂರ್ತಿ ಪಂದ್ಯ, 335⅔ ಇನ್ನಿಂಗ್ಸ್, 382 ಸ್ಟ್ರೈಕ್‌ಔಟ್. ಸೆಪ್ಟೆಂಬರ್ 9ರಂದು ಒಬ್ಬ ಬ್ಯಾಟರ್‌ನೂ ಬೇಸ್ ತಲುಪದ ಪರಿಪೂರ್ಣ ಪಂದ್ಯ. ಮೇಲೆ ಋತುವಿನ ಕೊನೆಯ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್‌ನ 24 ಇನ್ನಿಂಗ್ಸ್. ಅದರ ಏಳನೇ ಪಂದ್ಯಕ್ಕೆ ಎರಡೇ ದಿನದ ವಿಶ್ರಾಂತಿಯಲ್ಲಿ ಬಂದ. ಕರ್ವ್ ಬೀಳುತ್ತಲೇ ಇಲ್ಲ ಎಂದು ಗೊತ್ತಾಗಿ ಹೆಚ್ಚುಕಡಿಮೆ ಬರೀ ಫಾಸ್ಟ್‌ಬಾಲ್‌ನಲ್ಲೇ 2–0ಯಿಂದ ಗೆದ್ದುಕೊಟ್ಟ.

ಇದನ್ನು ಸಾಧ್ಯ ಮಾಡಿದ ದಿನಚರಿ ನೋಡಿ. ಕೀಲಿಗೆ ಕಾರ್ಟಿಸೋನ್ ಚುಚ್ಚುಮದ್ದು. ರಾತ್ರಿ ಕೊಡೀನ್ ಬೆರೆತ ನೋವಿನ ಮಾತ್ರೆ, ಕೆಲವೊಮ್ಮೆ ಪಂದ್ಯದ ಐದನೇ ಇನ್ನಿಂಗ್ಸ್‌ನಲ್ಲೂ. ಬಾವಿಗೆ ಬ್ಯುಟಜೋಲಿಡಿನ್. ಇದು ಕುದುರೆಗಳಿಗೂ ಕೊಡುವ ಔಷಧಿ, ಅಸ್ಥಿಮಜ್ಜೆಗೆ ಅಪಾಯವೆಂದು ಅಮೆರಿಕದಲ್ಲಿ ಮನುಷ್ಯರ ಬಳಕೆಯಿಂದ ಮುಂದೆ ತೆಗೆದುಹಾಕಿದರು. ಪಂದ್ಯಕ್ಕೆ ಮುಂಚೆ ತೋಳಿಗೆ ಕ್ಯಾಪ್ಸೋಲಿನ್, ಅಂದರೆ ಮೆಣಸಿನಕಾಯಿಯ ಖಾರದ ಸತ್ವದಿಂದ ಮಾಡಿದ ಮುಲಾಮು. ನಮ್ಮ ಕಡೆ ಖಾರ ಅರೆದ ಕೈ ಉರಿಯುವ ಹಾಗೆ ತೋಳೆಲ್ಲ ಉರಿದು, ಆ ಉರಿಯಲ್ಲಿ ಒಳಗಿನ ನೋವು ತೋರದು. ಪಂದ್ಯ ಮುಗಿದ ಮೇಲೆ ಮೊಣಕೈ ಐಸ್ ತುಂಬಿದ ತೊಟ್ಟಿಗೆ.

ಈ ಐದರಲ್ಲಿ ಒಂದಾದರೂ ಸವೆತವನ್ನು ತಡೆಯುವಂಥದ್ದಲ್ಲ. ಕೆಲವು ಬಾವು ಇಳಿಸುತ್ತವೆ, ಉಳಿದವು ನೋವನ್ನು ಮರೆಮಾಚುತ್ತವೆ. ಕಾರ್ಟಿಸೋನ್ ಪದೇ ಪದೇ ಹಾಕಿದರೆ ಕೀಲಿಗೇ ಕೆಡುಕು. ನೋವು ಎನ್ನುವ ಅಳತೆಗೋಲನ್ನೇ ಮುರಿದು ಹಾಕಿದ ಮೇಲೆ ಎಷ್ಟು ಎಸೆದರೆ ಹೆಚ್ಚಾಯಿತು ಎಂದು ತಿಳಿಯುವ ಬೇರೆ ದಾರಿ ಆಗ ಇರಲಿಲ್ಲ. ಎಸೆತ ಎಣಿಸಿ ಮಿತಿ ಹಾಕುವ ಪದ್ಧತಿ ಇನ್ನೂ ಬಂದಿರಲಿಲ್ಲ, ಸರದಿಯಲ್ಲಿ ನಾಲ್ವರೇ ಸ್ಟಾರ್ಟರ್‌ಗಳು. ಇವತ್ತು ಐವರ ಸರದಿಯಲ್ಲಿ ವರ್ಷಕ್ಕೆ 32–33 ಸ್ಟಾರ್ಟ್ ಎಂದರೆ ಪೂರ್ತಿ ಕೆಲಸ.

ಹಾಗಾದರೆ ವೈದ್ಯರ ಮಾತು ಮೀರಿದವರು ಯಾರು? ಒಬ್ಬರನ್ನೇ ಬೆರಳು ಮಾಡಿ ತೋರಿಸುವುದು ಕಷ್ಟ. ಆಟಗಾರ ಚೆಂಡು ಬೇಡವೆನ್ನಲಿಲ್ಲ, ಮ್ಯಾನೇಜರ್ ಕೇಳದೆ ಇರಲಿಲ್ಲ. ತಂಡದ ಬ್ಯಾಟಿಂಗ್ ದುರ್ಬಲ, ಒಂದೆರಡು ರನ್‌ನಲ್ಲೇ ಪಂದ್ಯ ಉಳಿಸಿಕೊಳ್ಳಬೇಕು, ಇವನಿಲ್ಲದೆ ಪ್ರಶಸ್ತಿ ಇಲ್ಲ. ವೈದ್ಯರೂ ತಂಡದವರೇ. ವಾರಕ್ಕೊಂದು ಎಂಬ ಸಲಹೆಗೆ ಕಾವಲು ನಿಲ್ಲಬೇಕಾದ ಒಬ್ಬನೂ ಈ ಏರ್ಪಾಡಿನಲ್ಲಿ ಇರಲಿಲ್ಲ.

ನಿವೃತ್ತಿಯ ತೀರ್ಮಾನ 1966ರ ಕೊನೆಗೆ ಹೊರಬಿತ್ತು, ಆದರೆ ಮುಂದಿನ ವರ್ಷವೇ ತನ್ನ ಕೊನೆಯದು ಎಂದು ಒಬ್ಬ ಪತ್ರಕರ್ತನಿಗೆ 1965ರಲ್ಲೇ ಹೇಳಿದ್ದ. ಆ ಪತ್ರಕರ್ತ ಗುಟ್ಟು ಕಾಪಾಡಿದ. ಅಂದರೆ 1966ರ 41 ಸ್ಟಾರ್ಟ್, 323 ಇನ್ನಿಂಗ್ಸ್, 27 ಗೆಲುವುಗಳನ್ನು ಉಳಿದದ್ದೆಲ್ಲ ಖರ್ಚಾಗಲಿ ಎಂದು ಗೊತ್ತಿದ್ದೇ ಎಸೆದ. ಆ ವಸಂತದಲ್ಲಿ ಜತೆಗಾರ ಪಿಚರ್ ಒಬ್ಬನೊಂದಿಗೆ ಸೇರಿ ಸಂಬಳಕ್ಕಾಗಿ ಒಂದು ತಿಂಗಳು ಶಿಬಿರಕ್ಕೇ ಹೋಗದೆ ಕೂತದ್ದನ್ನೂ ಇದರ ಜತೆ ಓದಬೇಕು. ಆಟಗಾರನನ್ನು ಒಂದೇ ತಂಡಕ್ಕೆ ಕಟ್ಟಿಹಾಕುವ ಕರಾರಿನ ಕಾಲ, ಬೇರೆಡೆ ಮಾರಿಕೊಳ್ಳುವಂತಿಲ್ಲ. ಕೊನೆಗೆ ಸಿಕ್ಕಿದ್ದು 1,25,000 ಡಾಲರ್. ಅಕ್ಟೋಬರ್ 2ರಂದು ಮತ್ತೆ ಎರಡೇ ದಿನದ ಬಿಡುವಿನಲ್ಲಿ ಪೂರ್ತಿ ಪಂದ್ಯ ಎಸೆದು ಲೀಗ್ ಗೆದ್ದುಕೊಟ್ಟ. ನವೆಂಬರ್ 18ರಂದು, ಮೂವತ್ತರ ವಯಸ್ಸಿನಲ್ಲಿ, ಆಟ ಬಿಟ್ಟ.

ಇದರಿಂದ ಏನು ತೆಗೆದುಕೊಳ್ಳಬಹುದು

ತರಬೇತಿ ಕೊಡುವವರು ಈ ಪ್ರಕರಣದಿಂದ ಸಾಮಾನ್ಯವಾಗಿ ಕ್ಯಾಚರ್‌ನ ಮಾತನ್ನು ಎತ್ತಿಕೊಳ್ಳುತ್ತಾರೆ. ಎತ್ತಿಕೊಳ್ಳಬೇಕಾದ್ದು ಖಾಲಿ ಬುಲ್‌ಪೆನ್ನನ್ನು. ನಿಯಂತ್ರಣವಿಲ್ಲದ ಎಳೆಯ ಎಸೆತಗಾರನಿಗೆ ಮೊದಲೇ ಹೇಳಿಬಿಡಿ, ಇಂದು ಇಷ್ಟು ಇನ್ನಿಂಗ್ಸ್ ನಿನ್ನದು, ಏನೇ ಆದರೂ ತೆಗೆಯುವುದಿಲ್ಲ ಎಂದು. ಫಲಿತಾಂಶ ಲೆಕ್ಕಕ್ಕಿಲ್ಲದ ಪಂದ್ಯದಲ್ಲಿ ಮಾತ್ರ ಹೀಗೆ ಮಾಡಲು ಬರುತ್ತದೆ, ಹಾಗಾಗಿ ಅಂಥ ಪಂದ್ಯಗಳನ್ನು ಹುಡುಕಿ ಕೊಡಬೇಕು. ತಿದ್ದುಪಡಿ ನಾಟಿತೋ ಇಲ್ಲವೋ ಎನ್ನಲು ಸ್ಟ್ರೈಕ್‌ಔಟ್ ನೋಡಬೇಡಿ. ಅವು 1955ರಲ್ಲೂ ಇದ್ದವು. ವಾಕ್‌ನ ದರ ನೋಡಿ, ಅದೂ ಒಂದು ಪಂದ್ಯದ್ದಲ್ಲ, ಋತುವಿನದು.

ಮೊಣಕೈ ವಿಷಯದಲ್ಲಿ ಒಂದು ತಪ್ಪು ಹೋಲಿಕೆ ಆಗಾಗ ಕೇಳಿಬರುತ್ತದೆ: ಇನ್ನು ಎಂಟು ವರ್ಷ ಕಾದಿದ್ದರೆ ಶಸ್ತ್ರಚಿಕಿತ್ಸೆ ಇವನನ್ನು ಉಳಿಸುತ್ತಿತ್ತು ಎಂದು. 1974ರಲ್ಲಿ ಅದೇ ತಂಡದ ಇನ್ನೊಬ್ಬ ಎಡಗೈ ಪಿಚರ್‌ಗೆ, ಅದೇ ವೈದ್ಯರ ಜತೆಗಾರರು, ಮೊಣಕೈ ಅಸ್ಥಿರಜ್ಜು ಹೊಸದಾಗಿ ಕಟ್ಟಿದರು ನಿಜ. ಅದು ಹರಿದ ಅಸ್ಥಿರಜ್ಜಿಗೆ ಮಾಡಿದ ಚಿಕಿತ್ಸೆ. ಇವನಿಗೆ ವೈದ್ಯರು ಹೇಳಿದ ಕಾಯಿಲೆ ಕೀಲಿನ ಸವೆತ, ಅದಕ್ಕೆ ಆ ಹೊಲಿಗೆ ಮದ್ದಲ್ಲ. ಇದ್ದ ಒಂದೇ ಚಿಕಿತ್ಸೆ ಕಡಿಮೆ ಎಸೆಯುವುದು. ಅದನ್ನು 1965ರ ವಸಂತದಲ್ಲೇ ಹೇಳಿದ್ದರು.

ಇನ್ನು ಆ ಬೋನಸ್ ನಿಯಮ. ಎರಡು ವರ್ಷ ಕಟ್ಟಿಹಾಕುವ ಷರತ್ತನ್ನು 1958ರ ಹೊತ್ತಿಗೆ ಕೈಬಿಟ್ಟರು, 1965ರಲ್ಲಿ ಹೊಸಬರನ್ನು ಸರದಿ ಪ್ರಕಾರ ಆರಿಸುವ ಡ್ರಾಫ್ಟ್ ಬಂತು. ಬೆಂಚಿನ ಮೇಲೆ ಕೂತು ನೋಡಿದ್ದೇ ಇವನಿಗೆ ಪಾಠವಾಯಿತು ಎಂದು ಹೇಳುವವರು ಇದ್ದಾರೆ. ಅವರು ಇವನೊಬ್ಬನನ್ನು ನೋಡಿ ಹೇಳುತ್ತಾರೆ. ಅದೇ ನಿಯಮದಡಿ ಅದೇ ವಯಸ್ಸಿನಲ್ಲಿ ಬೆಂಚು ಕಾದ ಹುಡುಗರಲ್ಲಿ ಬಹಳ ಮಂದಿ ಅವಧಿ ಮುಗಿದ ಕೂಡಲೇ ಮೈನರ್ ಲೀಗಿಗೆ ಇಳಿದು, ಅಲ್ಲಿ ಒಂದೆರಡು ಋತು ಆಡಿ, ಬೇರೆ ಕೆಲಸ ಹುಡುಕಿಕೊಂಡರು.